ಕೆಳತುದಿ ಹಿಡಿಯುವವಳು

ಹ್ಯಾಲಿಫ್ಯಾಕ್ಸ್
7 ನವೆಂಬರ್ 1971

ಪ್ರೀತಿಯ ಐವಿ,

ಹಿಂದಿನ ಕೋಣೆಯ ವಾಲ್‌ಪೇಪರ್ ಕೀಳುವುದಕ್ಕೆ ಶುರು ಮಾಡಿದ್ದೇನೆ. ಮುಖ್ಯ ಸುದ್ದಿಯನ್ನು ಮೊದಲೇ ಬರೆದುಬಿಟ್ಟೆ, ಯಾಕೆಂದರೆ ನಿನಗೆ ಚಿಕ್ಕಂದಿನಿಂದಲೂ ಕೊನೆಯವರೆಗೆ ಓದುವ ತಾಳ್ಮೆಯಿಲ್ಲ.

ವಾಲ್ಟರ್ ಹೋಗಿ, ನಾನು ಗಂಡನಿಲ್ಲದವಳಾಗಿ ಈ ತಿಂಗಳಿಗೆ ಎರಡು ವರ್ಷ. ಅವನು ಮಲಗಿದ್ದದ್ದು ಆ ಕೋಣೆಯಲ್ಲೇ. ಔಷಧಿಯ ವಾಸನೆ ಗೋಡೆಗೇ ಹತ್ತಿಕೊಂಡಿದೆ ಅನ್ನಿಸಿ ಅಂದಿನಿಂದ ಬಾಗಿಲು ಹಾಕಿಟ್ಟಿದ್ದೆ. ಹೋದ ವಾರ ನಿನ್ನ ಪತ್ರ ಬಂತಲ್ಲ, ಮಿಸೆಸ್ ಪ್ರಾಕ್ಟರ್ ಈಸ್ಟರ್ ಹಬ್ಬಕ್ಕೆ ನಿನ್ನ ಕೆಲಸದ ಗೆಸ್ಟ್‌ಹೌಸನ್ನು ಖಾಯಂ ಆಗಿ ಮುಚ್ಚಿ ಮಗಳ ಮನೆಗೆ ಹೋಗುತ್ತಾರೆ ಅಂತ, ಅದನ್ನು ಓದಿದವಳೇ ಮೇಲೆ ಹೋಗಿ ಬಾಗಿಲು ತೆಗೆದೆ.

ಐವಿ, ಬಂದುಬಿಡು. ಊರವರ ಹಾಸಿಗೆ ಹಾಸಿದ್ದು, ಅವರ ಬೆಳಗಿನ ಮೊಟ್ಟೆ ಬೇಯಿಸಿದ್ದು ಸಾಕು. ನಾವಿಬ್ಬರೂ ಹುಟ್ಟಿದ ಮನೆ ಇದು. ನಾನೊಬ್ಬಳೇ ಇದ್ದು ಇದ್ದು, ಕೆಟಲ್‌ನ ಜೊತೆ ಮಾತಾಡುವ ಹಂತಕ್ಕೆ ಬಂದಿದ್ದೇನೆ. ಅದು ಒಂದು ಸಲ ಸಿಳ್ಳೆ ಹಾಕಿ ಸುಮ್ಮನಾಗುತ್ತದೆ.

ಬಣ್ಣದವನನ್ನು ಕರೆಸುವಷ್ಟು ಅನುಕೂಲ ನನಗೆಲ್ಲಿದೆ? ಎಲ್ಲ ನನ್ನ ಕೈಯಿಂದಲೇ ಆಗಬೇಕು, ಏಣಿ ಹತ್ತುವುದೂ ನಾನೇ. ಕಿತ್ತಳೆ ಹಣ್ಣಿನ ಪೆಟ್ಟಿಗೆ ನಿಲ್ಲಿಸಿ ಬಟ್ಟೆ ಸುತ್ತಿದರೆ ನಿನ್ನ ತಲೆದೆಸೆಗೆ ಮೇಜಾಯಿತು. ಅಮ್ಮನ ಹಳೆಯ ಹೊದಿಕೆ ಕತ್ತರಿಸಿದರೆ ಎರಡು ಪರದೆ. ಗೋಡೆ ಕೆರೆಯುವ ಸದ್ದಿಗೆ ಪಕ್ಕದ ಮನೆಯ ಡೋರೀನ್ ಓಡಿ ಬಂದಳು.

"ಏನೇ ಹಿಲ್ಡಾ, ಈ ವಯಸ್ಸಲ್ಲಿ ಕೋಣೆ ಸಿಂಗಾರ ಮಾಡ್ತಿದ್ದೀಯಲ್ಲ, ಗಂಡು ಯಾರೇ?"

"ನನ್ನ ತಂಗಿ ಬರ್ತಾಳೆ ಕಣೆ."

"ಅಯ್ಯೋ, ಅಷ್ಟೇನಾ!" ಅಂದು, ನನ್ನ ಚಹಾ ಕುಡಿದು, ನಿರಾಸೆಯಿಂದ ಹೋದಳು.

ಯಾವ ಬಣ್ಣ ಬೇಕು ಬರಿ.

ನಿನ್ನ ಅಕ್ಕ,
ಹಿಲ್ಡಾ

*

ಮೋರ್ಕಂಬ್
29 ನವೆಂಬರ್ 1971

ಪ್ರೀತಿಯ ಹಿಲ್ಡಾ,

ಉತ್ತರ ತಡವಾಯಿತು, ಬೈಯಬೇಡ. ಇಲ್ಲಿ ಸಮುದ್ರದ ಮೇಲೆ ಮೋಡ ಕವಿದು ಕೂತಿತ್ತು. ಇವತ್ತು ಬಿಸಿಲು ಬಂತು. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತಿದ್ದೇನೆ.

ನೀನು ಏಣಿ ಹತ್ತುವ ವಿಷಯ ಕೇಳಿ ನನಗೆ ಇಲ್ಲೇ ತಲೆ ಸುತ್ತಿತು. ಹತ್ತಲೇಬೇಕು ಅಂದರೆ ಅಪ್ಪ ಹೇಳಿದ ಹಾಗೆ ಮಾಡು. ನಿನಗೆ ಯಾವುದೂ ನೆನಪಿರುವುದಿಲ್ಲ. ಮೈದಾ ಗೋಂದಿಗೆ ಚಿಟಿಕೆ ಪಟಿಕ ಹಾಕು, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ದಾರಕ್ಕೆ ತೂಕ ಕಟ್ಟಿ ಇಳಿಬಿಟ್ಟು ಮೊದಲ ಗೆರೆ ಹಾಕು. ಆ ಮನೆಯ ಯಾವ ಮೂಲೆಯೂ ನೆಟ್ಟಗಿಲ್ಲ. ಕಿಟಕಿಯಿಂದ ಶುರು ಮಾಡಿ ಕತ್ತಲೆಯ ಕಡೆಗೆ ಅಂಟಿಸುತ್ತಾ ಹೋಗು. ಎಷ್ಟೇ ಜೋಪಾನ ಮಾಡಿದರೂ ಒಂದು ಕಡೆ ಚಿತ್ತಾರ ಕೂಡಿಕೊಳ್ಳುವುದಿಲ್ಲ, ಆ ಜಾಗ ಬಾಗಿಲ ಹಿಂದೆ ಬರಲಿ.

ಬಣ್ಣ ನಿನಗೆ ಇಷ್ಟವಾದದ್ದು ಹಾಕಿಕೋ. ಕೋಣೆ ನಿನ್ನದು. ಬರುವುದು ಗಿರುವುದು ಆಮೇಲೆ ನೋಡೋಣ. ನನಗೆ ಇಲ್ಲಿ ಏನೂ ಕಡಿಮೆಯಿಲ್ಲ. ನೀನು ವಾಲ್ಟರ್‌ನ ಸೇವೆ ಮಾಡಿ ಹಣ್ಣಾಗಿದ್ದೀಯ. ಈಗಲಾದರೂ ಕಾಲು ಚಾಚಿ ಕೂರು.

ಪ್ರೀತಿಯಿಂದ,
ಐವಿ

*

ಹ್ಯಾಲಿಫ್ಯಾಕ್ಸ್
5 ಡಿಸೆಂಬರ್ 1971

ಪ್ರೀತಿಯ ಐವಿ,

ಮೊದಲು ಒಂದು ಮಾತು. ನಿನ್ನ ಸಾಲುಗಳು ಯಾಕೆ ಗುಡ್ಡ ಹತ್ತುತ್ತಿವೆ? ದುಂಡಕ್ಷರಕ್ಕೆ ಇಡೀ ಶಾಲೆಯಲ್ಲಿ ಬಹುಮಾನ ತೆಗೆದುಕೊಂಡವಳು ನೀನು. ಎರಡು ಸಾಲು ಒಂದರ ಮೇಲೊಂದು ಕೂತು, ಪಟಿಕ ಹಾಕಬೇಕೋ ಬೇಡವೋ ಅಂತ ಗೊತ್ತಾಗದೆ ಡೋರೀನ್‌ಳನ್ನು ಕೇಳಬೇಕಾಯಿತು.

ಈಗ ಕೋಣೆಯ ಸುದ್ದಿ. ಬಿಸಿನೀರು ಸವರಿ, ನೆನೆಯಲು ಬಿಟ್ಟು, ಕೆರೆಯುತ್ತಾ ಹೋದೆ. ಮೇಲಿನದು ವಾಲ್ಟರ್ ಆರಿಸಿದ ಕಂದು ಚೌಕಳಿ. ಅದರ ಕೆಳಗೆ ಯುದ್ಧದ ಕಾಲದ ಹಸಿರು ಬಣ್ಣ; ಹೊಸ ಕಾಗದ ಸಿಗದೆ ಹಳೆಯದರ ಮೇಲೇ ಬಳಿದಿದ್ದೆವಲ್ಲ, ಅದು. ಅದರ ಕೆಳಗೆ ಏನಿತ್ತು ಹೇಳು ನೋಡೋಣ? ನಮ್ಮ ಬಾನಾಡಿಗಳು! ನೀಲಿ ಹಕ್ಕಿಗಳೆಲ್ಲ ತಲೆಕೆಳಗಾಗಿ ನೆಲಕ್ಕೆ ಧುಮುಕುತ್ತಿವೆ. ಅಪ್ಪ ಊಟಕ್ಕೆ ಇಳಿದಿದ್ದಾಗ ನಾವಿಬ್ಬರೇ ಶೂರರ ಹಾಗೆ ಮೊದಲ ಹಾಳೆ ಉಲ್ಟಾ ಅಂಟಿಸಿದ್ದೆವಲ್ಲ; ಅಪ್ಪ ನೋಡಿ, ಒಂದು ನಿಮಿಷ ಸೊಂಟದ ಮೇಲೆ ಕೈಯಿಟ್ಟು ನಿಂತು, "ಇರ್ಲಿ ಬಿಡ್ರೇ, ಸಂಜೆ ಆಯ್ತು ಅಂತ ಗೂಡಿಗೆ ಇಳೀತಿವೆ" ಅಂದು ಉಳಿದದ್ದನ್ನೂ ಹಾಗೇ ಅಂಟಿಸಿದ್ದರು.

ಆ ಕಾಗದವೂ ಬಂದ ಮೇಲೆ ಬರೀ ಗಾರೆಯ ಮೇಲೆ ಅಪ್ಪನ ಪೆನ್ಸಿಲ್ ಅಕ್ಷರ. ಈ ಬೀದಿಯಲ್ಲಿ ಎಲ್ಲರೂ ಬರೆಯುವಂಥದ್ದೇ, ಕಾಗದ ಹಚ್ಚುವ ಮುಂಚೆ ಹೆಸರು, ಇಸವಿ. ಹಾಳೆ ಯಾರು ಎಲ್ಲಿ ಹಿಡಿಯಬೇಕು ಅಂತಲೂ ಸೇರಿಸಿ ಅಪ್ಪ ಬರೆದದ್ದು: "1923. ಮೇಲ್ತುದಿ ಹಿಲ್ಡಾ, ಕೆಳತುದಿ ಐವಿ."

ನಾನು ನೀರಿನ ಬಕೆಟ್ಟಿನ ಮೇಲೆ ಕೂತು ಅತ್ತುಬಿಟ್ಟೆ. ಬಕೆಟ್ಟಿನಲ್ಲಿ ನೀರಿತ್ತು ಅಂತ ಆಮೇಲೆ ಗೊತ್ತಾಯಿತು.

ಕ್ರಿಸ್ಮಸ್‌ಗಾದರೂ ಬಾ. ಕೇಕು ಮಾಡಿಟ್ಟಿದ್ದೇನೆ. ಒಬ್ಬಳೇ ತಿಂದರೆ ಈಸ್ಟರ್‌ಗೂ ಮುಗಿಯುವುದಿಲ್ಲ.

ನಿನ್ನ
ಹಿಲ್ಡಾ

*

ಮೋರ್ಕಂಬ್
20 ಡಿಸೆಂಬರ್ 1971

ಪ್ರೀತಿಯ ಹಿಲ್ಡಾ,

ಹಬ್ಬಕ್ಕೆ ಇಬ್ಬರು ಅತಿಥಿಗಳು ಉಳಿಯುತ್ತಾರಂತೆ, ಮಿಸೆಸ್ ಪ್ರಾಕ್ಟರ್‌ಗೆ ನನ್ನ ಬಿಟ್ಟರೆ ಕೈಯಿಲ್ಲ. ಬರಲು ಆಗದು. ನನ್ನ ಪಾಲಿನ ಕೇಕನ್ನು ನಮ್ಮೂರ ರೂಢಿಯಂತೆ ಚೀಸ್ ತುಂಡಿನ ಜೊತೆ ನೀನೇ ತಿನ್ನು. ಅಕ್ಷರ ಕೆಟ್ಟಿರುವುದು ಪೆನ್ನಿನ ತಪ್ಪು. ಇಲ್ಲಿಯ ಮೇಜು ಕೂಡ ಅಲುಗಾಡುತ್ತದೆ.

ಹಕ್ಕಿಗಳ ಒಂದು ಚೂರನ್ನಾದರೂ ಎತ್ತಿಡು.

ಐವಿ

*

ಹ್ಯಾಲಿಫ್ಯಾಕ್ಸ್
9 ಜನವರಿ 1972

ಪ್ರೀತಿಯ ಐವಿ,

ಹಬ್ಬ ಕಳೆಯಿತು. ಡೋರೀನ್ ಕರೆದಿದ್ದಳು, ಹೋಗಲಿಲ್ಲ. ಬೇರೆಯವರ ಮಕ್ಕಳು ಮೊಮ್ಮಕ್ಕಳ ನಡುವೆ ಕಾಗದದ ಟೋಪಿ ಹಾಕಿಕೊಂಡು ಕೂತರೆ ನನ್ನ ಮುಖ ನನಗೇ ನಗೆಪಾಟಲಾಗಿ ಕಾಣುತ್ತದೆ. ಮನೆಯಲ್ಲೇ ಉಳಿದು ಕಿಟಕಿಯ ಚೌಕಟ್ಟಿಗೆ ಬಿಳಿ ಬಣ್ಣ ಹೊಡೆದೆ. ಗಿರಣಿಯಲ್ಲಿ ಮಿಕ್ಕಿದ್ದ ಡಬ್ಬಿಯನ್ನು ಡೋರೀನ್‌ಳ ಗಂಡ ಕೊಟ್ಟದ್ದು.

ನಿನ್ನೆ ಸಂತೆಗೆ ಹೋಗಿದ್ದೆ. ಸ್ಟಾಲ್‌ನ ಸಿಡ್ನಿ ಇದ್ದಾನಲ್ಲ, ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ವಾಲ್‌ಪೇಪರ್ ಸುರುಳಿಗಳನ್ನು ಕಡಿಮೆಗೆ ತಂದು ಮಾರುವವನು, ನನ್ನನ್ನು ದೂರದಿಂದಲೇ ಕಂಡು ಕೂಗಿದ.

"ಬನ್ನಿ ಮೇಡಂ ಬನ್ನಿ, ಮಹಾರಾಣಿ ಮನೇಲಿ ಇದೇ ಕಾಗ್ದ!"

"ಹಾಗಾದ್ರೆ ಮಹಾರಾಣಿಗೆ ಕಣ್ಣಿಲ್ಲ ಬಿಡಪ್ಪ" ಅಂದೆ. ಸುತ್ತಲಿದ್ದವರೆಲ್ಲ ನಕ್ಕರು.

ಆದರೆ ಒಂದು ಹಿಡಿಸಿತು. ಕೆನೆ ಬಣ್ಣದ ಮೇಲೆ ಪುಟ್ಟ ಪುಟ್ಟ ಹಳದಿ ಗುಲಾಬಿ. ಕೋಣೆಗೆ ಸಾಲುವಷ್ಟು ಇದೆ, ತೆಗೆದಿಟ್ಟಿರಲು ಹೇಳಿದ್ದೇನೆ. ಸಿಡ್ನಿ ಮೂಲೆಯಿಂದ ಒಂದು ಚೂರು ಹರಿದು ಕೊಟ್ಟ, ಇದರೊಳಗೆ ಇಟ್ಟಿದ್ದೇನೆ. ನೋಡಿ ಹೇಳು. ನೀನು ಹೂಂ ಅನ್ನದೆ ತರುವುದಿಲ್ಲ.

ನಿನ್ನ
ಹಿಲ್ಡಾ

*

ಮೋರ್ಕಂಬ್
24 ಜನವರಿ 1972

ಪ್ರೀತಿಯ ಹಿಲ್ಡಾ,

ಚೂರು ತಲುಪಿತು. ಗುಲಾಬಿ ಬಲು ಚೆಂದ! ಹಳದಿಯಂತೂ ಅಮ್ಮನ ಭಾನುವಾರದ ಟೋಪಿಯದೇ ಹಳದಿ. ಹೂವು ಇಷ್ಟು ಚಿಕ್ಕದಾಗಿರುವುದೇ ಒಳ್ಳೆಯದು, ದೊಡ್ಡ ಹೂವು ಚಿಕ್ಕ ಕೋಣೆಯನ್ನು ನುಂಗಿಬಿಡುತ್ತದೆ. ಮಿಸೆಸ್ ಪ್ರಾಕ್ಟರ್‌ಗೂ ತೋರಿಸಿದೆ. ಅವರೂ ಮೆಚ್ಚಿದರು.

ಆದರೆ ನನಗೋಸ್ಕರ ಇಷ್ಟೆಲ್ಲ ಮಾಡಬೇಡ, ಹಿಲ್ಡಾ. ಈಸ್ಟರ್ ನಂತರಕ್ಕೆ ನಾನು ಬೇರೆ ಒಂದು ಏರ್ಪಾಡು ಮಾಡಿಕೊಳ್ಳುತ್ತಿದ್ದೇನೆ. ಒಳ್ಳೆಯ ಜಾಗವಂತೆ, ತೋಟವೂ ಇದೆಯಂತೆ. ವಿವರ ಆಮೇಲೆ ಬರೆಯುತ್ತೇನೆ. ಆ ಕೋಣೆಗೆ ಒಬ್ಬ ಬಾಡಿಗೆಯವಳನ್ನು ಇಟ್ಟುಕೋ, ಜೊತೆಯೂ ಆಗುತ್ತದೆ.

ಪ್ರೀತಿಯಿಂದ,
ಐವಿ

*

ಹ್ಯಾಲಿಫ್ಯಾಕ್ಸ್
30 ಜನವರಿ 1972

ಮಾನ್ಯ ಮಿಸೆಸ್ ಪ್ರಾಕ್ಟರ್ ಅವರಿಗೆ,

ನಾನು ಐವಿಯ ಅಕ್ಕ. ನೀವು ನನ್ನನ್ನು ನೋಡಿಲ್ಲ, ಆದರೆ ಐವಿ ಹೇಳಿದ್ದನ್ನೆಲ್ಲ ಕೇಳಿದ್ದರೆ ನನ್ನ ಬಾಯಿ ದೊಡ್ಡದು ಅಂತ ನಿಮಗೆ ಗೊತ್ತಿರುತ್ತದೆ. ಅದಕ್ಕೆ ಸುತ್ತು ಬಳಸದೆ ಕೇಳುತ್ತೇನೆ.

ಈ ತಿಂಗಳು ಅವಳಿಗೆ ಹಳದಿ ಗುಲಾಬಿಯ ಒಂದು ಚೂರು ಕಳಿಸುತ್ತಿದ್ದೇನೆ ಅಂತ ಬರೆದಿದ್ದೆ. ಅವಳು ಅದರ ಹಳದಿಯನ್ನೂ ಹೂವಿನ ಗಾತ್ರವನ್ನೂ ಹೊಗಳಿ ಉತ್ತರ ಬರೆದಳು, ನಿಮಗೂ ತೋರಿಸಿದ್ದಾಗಿ ಹೇಳಿದಳು. ಇವತ್ತು ಗಡಿಯಾರದ ಧೂಳು ಹೊಡೆಯುವಾಗ ಅದರ ಹಿಂದೆ ಗುಲಾಬಿಯ ಚೂರು ಇತ್ತು. ಹಾಗಾದರೆ ಲಕೋಟೆಯಲ್ಲಿ ಹೋದದ್ದು ಅಲ್ಲೇ ಬಿದ್ದಿದ್ದ ಬೂದು ಬಣ್ಣದ ಖಾಲಿ ಕಾಗದ, ಗೋಡೆಗೆ ಮೊದಲ ಪದರವಾಗಿ ಹಚ್ಚುವಂಥದ್ದು. ಅದರಲ್ಲಿ ಒಂದು ಹೂವೂ ಇಲ್ಲ.

ನನ್ನ ತಂಗಿಯ ಕಣ್ಣಿಗೆ ಏನಾಗಿದೆ?

ದಯವಿಟ್ಟು ನಿಜ ಹೇಳಿ. ಅವಳಿಗೆ ಈ ಪತ್ರದ ವಿಷಯ ತಿಳಿಯುವುದು ಬೇಡ.

ಇಂತಿ,
ಹಿಲ್ಡಾ

*

ಮೋರ್ಕಂಬ್
4 ಫೆಬ್ರವರಿ 1972

ಪ್ರಿಯ ಹಿಲ್ಡಾ ಅವರೇ,

ಐವಿ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ, ಯಾರಿಗೂ ಹೇಳಬಾರದು ಅಂತ. ಬರೆಯಬಾರದು ಅಂತ ಹೇಳಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ದೇವರು ಈ ಜಾಣತನವನ್ನು ಒಪ್ಪಲಿ.

ಅವಳ ದೃಷ್ಟಿ ಎರಡು ವರ್ಷದಿಂದ ಮಸುಕಾಗುತ್ತಾ ಬಂತು. ಡಾಕ್ಟರು ಆಪರೇಷನ್‌ನಿಂದಲೂ ಹೋದದ್ದು ಮರಳುವುದಿಲ್ಲ ಅಂದಿದ್ದಾರೆ. ಈಗ ಬೆಳಕು ಗೊತ್ತಾಗುತ್ತದೆ, ಎದುರಿಗೆ ಯಾರೋ ನಿಂತಿದ್ದಾರೆ ಅನ್ನುವಷ್ಟು ಗೊತ್ತಾಗುತ್ತದೆ. ನಿಮ್ಮ ಪತ್ರ ಬಂದರೆ ಬಿಸಿಲಿಗಾಗಿ ಕಾಯುತ್ತಾಳೆ. ಬಿಸಿಲು ಬಂದ ದಿನ ಕಿಟಕಿಗೆ ಆತು ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಓದುತ್ತಾಳೆ. ನಾನು ಓದಿ ಹೇಳುತ್ತೇನೆ ಅಂದರೆ ಬಿಡುವುದಿಲ್ಲ. ಕೆಲಸಕ್ಕೇನೂ ಕೊರತೆಯಿಲ್ಲ, ಹಾಸಿಗೆಯನ್ನು ನನಗಿಂತ ಚೊಕ್ಕಟವಾಗಿ ಹಾಸುತ್ತಾಳೆ. ಒಬ್ಬ ಅತಿಥಿಯ ಚಹಾಕ್ಕೆ ಸಕ್ಕರೆ ಬದಲು ಉಪ್ಪು ಬಿತ್ತು, ಅಷ್ಟೇ. ಅವನೂ ಅಂಥ ಸಿಡುಕ, ಬೇಕಾಗಿತ್ತು ಅವನಿಗೆ.

ಅವಳು ಹೇಳಿದ ಏರ್ಪಾಡು ಅಂದರೆ ಅಂಧರ ಆಶ್ರಮ. ಹೆಸರು ಕೊಟ್ಟಿದ್ದಾಳೆ. ಈಸ್ಟರ್‌ಗೆ ಒಂದು ಹಾಸಿಗೆ ತೆರವಾಗುತ್ತದಂತೆ, ಅದಕ್ಕೆ ಮುಂಚೆ ಕೊನೆಯ ಉತ್ತರ ಕೊಡಬೇಕು. ಯಾಕೆ ಅಕ್ಕನ ಮನೆಗೆ ಹೋಗಬಾರದು ಅಂತ ನಾನು ಬೈದದ್ದುಂಟು. ಅದಕ್ಕೆ ಅವಳು ಏನಂದಳು ಗೊತ್ತೇ? "ಅವ್ಳು ಗಂಡನ್ನ ಮಗು ಥರ ಎತ್ತಿ ಇಳಿಸಿ ಮಾಡಿದ್ಲು. ಈಗ ನಾನು ಹೋಗಿ ಅದೇ ಕೋಣೇಲಿ ಮಲಗ್ಲಾ? ಕಣ್ಣಿಲ್ಲ ಅಂತ ಗೊತ್ತಾದ್ರೆ ಕರುಣೆಯಿಂದ ಕರೀತಾಳೆ. ಕರುಣೆಗೆ ನಾನು ಹೋಗಲ್ಲ."

ಅವಳು ಅಂದದ್ದು ಅಷ್ಟೇ. ಆ ಬೂದು ಚೂರನ್ನು ಬೈಬಲ್ ಒಳಗೆ ಇಟ್ಟುಕೊಂಡಿದ್ದಾಳೆ. ನನಗೆ ತೋರಿಸಿದಾಗ "ಚೆನ್ನಾಗಿದೆ" ಅಂದೆ. ಇನ್ನೇನು ಅನ್ನಲಿ ಹೇಳಿ?

ನಿಮ್ಮ ವಿಶ್ವಾಸಿ,
ಮಾರ್ಜರಿ ಪ್ರಾಕ್ಟರ್

*

ಹ್ಯಾಲಿಫ್ಯಾಕ್ಸ್
20 ಫೆಬ್ರವರಿ 1972

ಪ್ರೀತಿಯ ಐವಿ,

ನನ್ನ ಹಳೆಯ ಪೆನ್ನು ಕೈಕೊಟ್ಟಿತು. ಅಂಗಡಿಯವನು ಬೆಲೆಚೀಟಿ ಬರೆಯುವ ದಪ್ಪ ಪೆನ್ನು ಕೊಟ್ಟ. ಅಕ್ಷರ ಆನೆಯಷ್ಟು ಬರುತ್ತಿದೆ, ಪುಟಕ್ಕೆ ನಾಲ್ಕು ಸಾಲೂ ಹಿಡಿಸುವುದಿಲ್ಲ. ಲಕೋಟೆ ದಪ್ಪವಾಗಿದೆ ಅಂತ ಗಾಬರಿಯಾಗಬೇಡ.

ಗುಲಾಬಿ ಕಾಗದ ಬೇರೆ ಯಾರೋ ಕೊಂಡುಹೋದರಂತೆ. ಹೋಗಲಿ ಬಿಡು.

ಗಣಿಯವರ ಮುಷ್ಕರ ಅಂತ ಇಲ್ಲಿ ಸರದಿಯ ಮೇಲೆ ಕರೆಂಟ್ ತೆಗೆಯುತ್ತಿದ್ದಾರೆ. ಮೊನ್ನೆ ಸಂಜೆ ಚಹಾ ಮಾಡುವ ಹೊತ್ತಿಗೆ ಹೋಯಿತು. ಮೇಣದಬತ್ತಿ ಮೇಲಿನ ಕೋಣೆಯಲ್ಲೇ ಬಿಟ್ಟಿದ್ದೆ. ಕಡುಕತ್ತಲೆ. ಮೆಟ್ಟಿಲ ಬುಡದಲ್ಲಿ ನಿಂತೆ, ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಬಿದ್ದರೆ ಕೇಳುವವರಿಲ್ಲವಲ್ಲ. ಆಮೇಲೆ ಗೋಡೆಗೆ ಕೈಯಿಟ್ಟೆ.

ಐವಿ, ಮೆಟ್ಟಿಲ ಪಕ್ಕದ ಗೋಡೆಗೆ ಅಪ್ಪ ಹಚ್ಚಿದ ಉಬ್ಬು ಚಿತ್ತಾರದ ಕಾಗದ ಇನ್ನೂ ಇದೆ! ಎಷ್ಟು ಸಲ ಬಣ್ಣ ಹೊಡೆದರೂ ಆ ಜರಿಗಿಡದ ಎಲೆಗಳು ಹಾಗೇ ಉಬ್ಬಿಕೊಂಡಿವೆ. ದಿನಾ ನೋಡುತ್ತೇನೆ, ಮುಟ್ಟಿ ಎಷ್ಟು ವರ್ಷವಾಗಿತ್ತೋ. ಚಿಕ್ಕಂದಿನಲ್ಲಿ ದೀಪವಿಲ್ಲದೆ ಮಲಗಲು ಹೋಗುವಾಗ ನೀನು ಮುಂದೆ, ನಾನು ಹಿಂದೆ, ಎಲೆ ಸವರುತ್ತಾ ಹತ್ತುತ್ತಿದ್ದೆವು. ಮೇಲೆ ಅಪ್ಪನಿಗೆ ಜೋಡಣೆ ತಪ್ಪಿ ಒಂದು ಎಲೆ ಅರ್ಧಕ್ಕೇ ನಿಂತಿದೆ. ಅದು ಸಿಕ್ಕರೆ ಕೊನೆಯ ಮೆಟ್ಟಿಲು ಅಂತ ನೀನೇ ಕೂಗುತ್ತಿದ್ದೆ. ಮೊನ್ನೆಯೂ ಅದು ಕೈಗೆ ಸಿಕ್ಕಿತು. ಕಾಲು ಎಡವದೆ ಮೇಲೆ ಹೋದೆ.

ಮಾರನೆಯ ದಿನವೇ ಸಿಡ್ನಿಯ ಹತ್ತಿರ ಹೋದೆ.

"ಉಬ್ಬು ಕಾಗ್ದನಾ? ಅಯ್ಯೋ ಮೇಡಂ, ಅದು ಅಜ್ಜಿ ಕಾಲದ್ದು. ಈಗ ಯಾರೂ ಕೇಳಲ್ಲ."

"ನಾನು ಅಜ್ಜಿನೇ ಅಲ್ವೇನಪ್ಪ. ತೆಗಿ."

ಯಾರೂ ಕೇಳದ್ದರಿಂದ ಅರ್ಧಕ್ಕರ್ಧ ಕಡಿಮೆಗೆ ಕೊಟ್ಟ. ಅದೇ ಜರಿಗಿಡ ಅಲ್ಲ, ಆದರೆ ಅದರ ನೆಂಟ. ಒಂದು ಚೂರು ಇಟ್ಟಿದ್ದೇನೆ. ಈ ಸಲ ಲಕೋಟೆಗೆ ಹಾಕುವ ಮುಂಚೆ ಎರಡು ಸಲ ಮುಟ್ಟಿ ನೋಡಿದ್ದೇನೆ.

ಬಾ ಅಂತ ಮತ್ತೆ ಕೇಳುತ್ತಿದ್ದೇನೆ. ನಿನಗೆ ಮನೆ ಬೇಕು ಅಂತ ಅಲ್ಲ. ಈ ಮನೆಯಲ್ಲಿ ನನಗೆ ನಿನ್ನ ಧ್ವನಿ ಬೇಕು.

ಹಿಲ್ಡಾ

*

ಹ್ಯಾಲಿಫ್ಯಾಕ್ಸ್
12 ಮಾರ್ಚ್ 1972

ಪ್ರೀತಿಯ ಐವಿ,

ನಿನ್ನ ಉತ್ತರ ಬರಲಿಲ್ಲ. ನಿಮ್ಮಲ್ಲಿ ಮೋಡವಿರಬೇಕು ಅಂದುಕೊಂಡು ಬರೆಯುತ್ತಿದ್ದೇನೆ.

ಹಚ್ಚಲು ಶುರು ಮಾಡಿದೆ. ಒಬ್ಬಳಿಂದ ಆಗುವ ಕೆಲಸ ಅಲ್ಲ ಇದು. ಸ್ನಾನದ ಮನೆಯ ಬಾಗಿಲು ಕಳಚಿ ಎರಡು ಕುರ್ಚಿಯ ಮೇಲಿಟ್ಟು ಗೋಂದು ಹಚ್ಚಿದೆ. ಮೇಲ್ತುದಿಯನ್ನು ಗೋಡೆಗೆ ಕೂರಿಸುವಷ್ಟರಲ್ಲಿ ಕೆಳತುದಿ ಮಡಚಿ ತನಗೇ ಅಂಟಿಕೊಳ್ಳುತ್ತದೆ. ಅದನ್ನು ಬಿಡಿಸಲು ಇಳಿದರೆ ಮೇಲ್ತುದಿ ಕಳಚಿ ತಲೆಯ ಮೇಲೆ ಬೀಳುತ್ತದೆ. ಒದ್ದೆ ಕಾಗದದೊಳಗೆ ಸಿಕ್ಕಿಕೊಂಡು "ಐವಿ, ಹಿಡಿಯೇ!" ಅಂತ ಕೂಗಿದೆ. ಕೂಗಿದ ಮೇಲೆ ಮನೆ ಎಷ್ಟು ನಿಶ್ಶಬ್ದವಾಗಿತ್ತು ಅಂದರೆ, ನಾನು ಸ್ವಲ್ಪ ಹೊತ್ತು ಆ ಕಾಗದದೊಳಗೇ ನಿಂತುಬಿಟ್ಟೆ.

ಡೋರೀನ್ ಸಹಾಯಕ್ಕೆ ಬಂದಳು. ಅವಳ ಹಿಡಿತ ನಿನ್ನ ಹಿಡಿತವಲ್ಲ, ಮಾತಿಗೆ ಕುಳಿತರೆ ಕೈ ಬಿಡುತ್ತಾಳೆ. ಜೊತೆಗೆ ಉಜ್ಜುವ ಚಪಲ ಬೇರೆ. ಉಬ್ಬು ಕಾಗದವನ್ನು ಒತ್ತಿ ಉಜ್ಜಿದರೆ ಎಲೆ ಸತ್ತುಹೋಗುತ್ತದೆ ಅಂತ ಬೈದೆ. ಕೋಪಿಸಿಕೊಂಡು ಹೋದಳು, ಸಂಜೆಗೆ ಬಿಸಿ ಬನ್ನು ತಂದುಕೊಟ್ಟಳು.

ಹೇಗೋ ಮೂರು ಗೋಡೆ, ನಾಲ್ಕನೆಯದರ ಬಹುಪಾಲು ಮುಗಿದಿದೆ. ಮಂಚವನ್ನು ಕಿಟಕಿಯ ಕೆಳಗೆ ಹಾಕಿದ್ದೇನೆ, ಬಿಸಿಲು ನೇರ ದಿಂಬಿಗೆ ಬೀಳುತ್ತದೆ. ಬಾಗಿಲಿಂದ ಮಂಚದವರೆಗೆ ಗೋಡೆಗೆ ಏನನ್ನೂ ಒರಗಿಸಿಲ್ಲ. ಚಿತ್ತಾರ ಕೂಡದ ಜಾಗ ನೀನು ಹೇಳಿದ ಹಾಗೆ ಬಾಗಿಲ ಹಿಂದೆಯೇ ಬರುತ್ತದೆ. ಕೈಗೆ ಅರ್ಧ ಎಲೆ ಸಿಕ್ಕಿದರೆ ಬಾಗಿಲು ಬಂತು ಅಂತ ಲೆಕ್ಕ. ಆ ಒಂದು ಹಾಳೆ ಬಾಕಿ, ಅಪ್ಪನ ಪೆನ್ಸಿಲ್ ಅಕ್ಷರ ಇರುವುದೂ ಅಲ್ಲೇ. ಉಬ್ಬು ಕಾಗದಕ್ಕೆ ಮೇಲಿಂದ ಬಣ್ಣ ಹೊಡೆಯಬೇಕು, ಯಾವ ಬಣ್ಣ ಅಂತ ನೀನು ಈಗಲೂ ಹೇಳಿಲ್ಲ.

ಬರುವುದಿಲ್ಲ ಅನ್ನುವುದಾದರೆ ಅದನ್ನಾದರೂ ಒಂದು ಸಾಲಿನಲ್ಲಿ ಬರಿ. ಅಂಚೆಯವನು ಮುಂದಿನ ಮನೆಗೆ ದಾಟಿ ಹೋಗುವುದನ್ನು ದಿನಾ ಪರದೆಯ ಸಂದಿಯಿಂದ ನೋಡುತ್ತಾ ನಿಲ್ಲುವುದು ನನ್ನ ಕೈಯಲ್ಲಿ ಆಗುತ್ತಿಲ್ಲ.

ಹಿಲ್ಡಾ

*

ಮೋರ್ಕಂಬ್
21 ಮಾರ್ಚ್ 1972

ಹಿಲ್ಡಾ,

ಇದನ್ನು ಮಿಸೆಸ್ ಪ್ರಾಕ್ಟರ್ ಕೈಯಲ್ಲಿ ಬರೆಸುತ್ತಿದ್ದೇನೆ. ಯಾಕೆ ಅಂತ ನಿನಗೆ ಗೊತ್ತು. ನಿನಗೆ ಗೊತ್ತು ಅಂತ ನನಗೂ ಗೊತ್ತು. ಬೆಲೆಚೀಟಿಯ ಪೆನ್ನಂತೆ! ಚಿಕ್ಕಂದಿನಿಂದಲೂ ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಈ ಹೆಂಗಸಿನ ಬಾಯಿ ಬಿಡಿಸಿದೆ, ಈಗ ನನ್ನ ಪಕ್ಕದಲ್ಲೇ ಕೂತು ಅಳುತ್ತಾ ಬರೆಯುತ್ತಿದ್ದಾರೆ. ಕಾಗದ ಒದ್ದೆಯಾಗಿದ್ದರೆ ನನ್ನದಲ್ಲ.

ತಿಂಗಳು ಪೂರ್ತಿ ನಿನ್ನ ಮೇಲೆ ಕೋಪವಿತ್ತು. ನಾನು ಮೆಚ್ಚಿ ಬರೆದ ಚೂರಿನಲ್ಲಿ ಒಂದು ಹೂವೂ ಇರಲಿಲ್ಲವಂತೆ. ನಾಚಿಕೆಗೆ ಪತ್ರ ಬರೆಯಲಿಲ್ಲ. ಆದರೆ ಆ ಉಬ್ಬಿನ ಚೂರು ಏಪ್ರನ್ನಿನ ಜೇಬಿನಲ್ಲೇ ಇತ್ತು. ಪಾತ್ರೆ ತೊಳೆದು ಕೈ ಒರೆಸಿಕೊಂಡರೆ ಸಿಗುತ್ತಿತ್ತು. ದಂಟು, ಎರಡು ಕಡೆ ಎಲೆ, ತುದಿಯಲ್ಲಿ ಸುರುಳಿ. ಎಷ್ಟೋ ದಿನದ ಮೇಲೆ ಒಂದು ವಸ್ತುವನ್ನು ಪೂರ್ತಿ ನೋಡಿದ ಹಾಗಾಯಿತು.

ಕರುಣೆಗೆ ಬರುವುದಿಲ್ಲ ಅಂತ ಇವರ ಹತ್ತಿರ ಅಂದಿದ್ದೆ. ಬರೀ ಕರುಣೆಯಿಂದ ಏಣಿಯ ಮೇಲೆ ನಿಂತು ತಲೆಗೆ ಕಾಗದ ಸುತ್ತಿಕೊಂಡು ನನ್ನ ಹೆಸರು ಕೂಗುವವಳು ನೀನಲ್ಲ. ನಿನಗೆ ನಿಜಕ್ಕೂ ಆಗುತ್ತಿಲ್ಲ ಒಬ್ಬಳಿಗೆ. ಅದು ಗೊತ್ತಾಗಿ ಮನಸ್ಸು ಹಗುರವಾಯಿತು, ಕ್ಷಮಿಸು.

ಆಶ್ರಮದ ಹಾಸಿಗೆ ಬೇರೆಯವರಿಗೆ ಕೊಡಿ ಅಂತ ತಿಳಿಸಿದ್ದೇನೆ. ಶನಿವಾರ ಮಧ್ಯಾಹ್ನದ ರೈಲು. ಮಿಸೆಸ್ ಪ್ರಾಕ್ಟರ್ ಹತ್ತಿಸುತ್ತಾರೆ, ನೀನು ಇಳಿಸಿಕೋ. ನನ್ನ ಪೆಟ್ಟಿಗೆ ನಾನೇ ಹೊರುತ್ತೇನೆ.

ಬಣ್ಣ ಹಳದಿ ಇರಲಿ. ಹಳದಿ ಅಂತ ಗೊತ್ತಿದ್ದರೆ ಸಾಕು.

ಬಾಗಿಲ ಹಿಂದಿನ ಹಾಳೆಯನ್ನು ಮುಟ್ಟಬೇಡ. ಡೋರೀನ್‌ಳನ್ನೂ ಕರೆಯಬೇಡ. ಗೋಂದು ಕಲಸಿಟ್ಟಿರು, ಅಪ್ಪನ ಪೆನ್ಸಿಲ್ ಅಕ್ಷರದ ಪಕ್ಕದಲ್ಲಿ ಈ ವರ್ಷದ ಇಸವಿ ಬರೆದಿಡು. ಕೆಳತುದಿ ನಾನು ಹಿಡಿಯುತ್ತೇನೆ. ಅದಕ್ಕೆ ಕಣ್ಣು ಬೇಡ.

ನಿನ್ನ ತಂಗಿ,
ಐವಿ